ಒಂದು ಬೆರಳು ಗಿಡ್ಡ

ಮಂಗಳೂರು
೭ ಅಕ್ಟೋಬರ್ ೨೦೨೪

ಅಪ್ಪನಿಗೆ,

ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳ ಶುರು ಮಾಡುತ್ತೇವೆ ಎಂದು ಅಮ್ಮ ಇನ್ನು ಮೇಲೆ ಕಾಗದವೇ ಬರೆಯಬೇಕೆಂದು ಕಾನೂನು ಮಾಡಿದ್ದಾಳೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ. ಅದೊಂದು ಲಾಭ. ಪೂರ್ತಿ ಓದು.

ಕೆಲಸ ಸಿಕ್ಕಿದೆ. ಇಲ್ಲಿ ಕಡಲ ದಂಡೆಯಲ್ಲಿ ಹೆಂಚಿನ ಮಾಡಿನ ಒಂದು ಹಳೇ ಮಂಟಪವಿದೆ. ಎಂಟು ಮುಖ. ಹಿಂದೆ ಸಂಜೆ ಹೊತ್ತು ಇಲ್ಲಿ ಬ್ಯಾಂಡ್ ಬಾರಿಸುತ್ತಿದ್ದರಂತೆ. ಒಂದು ಮುಖದಲ್ಲಿ ಮೆಟ್ಟಿಲು, ಉಳಿದ ಏಳರಲ್ಲಿ ಕಂಬದಿಂದ ಕಂಬಕ್ಕೆ ಸೊಂಟದೆತ್ತರದ ಎರಕದ ಕಬ್ಬಿಣದ ಜಾಲರಿ. ಪ್ರತಿ ಜಾಲರಿಯಲ್ಲೂ ಎದುರುಬದುರಾಗಿ ಎರಡು ಮೀನು, ಅವುಗಳ ಬಾಯಿಂದ ಹೊರಟು ಸುತ್ತಿಕೊಂಡ ಬಳ್ಳಿ. ಮೂರು ಜಾಲರಿ ಕಾಣೆಯಾಗಿವೆ. ಉಪ್ಪು ತಿಂದಿತೋ ಗುಜರಿಯವರು ತಿಂದರೋ ಗೊತ್ತಿಲ್ಲ. ಉಳಿದ ನಾಲ್ಕರ ಮೇಲಿನ ಬಣ್ಣ ಕೆರೆಯುವುದು ನನ್ನ ಕೆಲಸ.

ಇದನ್ನೆಲ್ಲ ದುರಸ್ತಿ ಮಾಡಿಸುತ್ತಿರುವ ಆರ್ಕಿಟೆಕ್ಟ್ ಚೈತನ್ಯಾ ಮೇಡಂ. ನಿನಗೆ ಏನು ಗೊತ್ತು ಎಂದು ಕೇಳಿದರು. "ಪಿಯುಸಿ ಅರ್ಧಕ್ಕೆ ಬಿಟ್ಟಿದ್ದೀನಿ, ಏನೂ ಗೊತ್ತಿಲ್ಲ, ಕಬ್ಬಿಣದ ವಾಸನೆ ಗೊತ್ತು" ಅಂದೆ. ನಕ್ಕು ಸೇರಿಸಿಕೊಂಡರು.

ಇಲ್ಲಿ ನಾನು ಬೆವರುತ್ತಿದ್ದೇನೆ. ನೀವು ಅಲ್ಲಿ ಬೆವರುತ್ತಿಲ್ಲ ಎಂದು ನಂಬಿದ್ದೇನೆ.

ಮಧು

⁂

ಭದ್ರಾವತಿ
೧೯ ಅಕ್ಟೋಬರ್ ೨೦೨೪

ಮಧು,

ಕಾಗದ ಬಂತು. ಬಣ್ಣ ಕೆರೆಯುವುದಕ್ಕೆ ಮಂಗಳೂರಿನ ತನಕ ಹೋಗಬೇಕಾಗಿರಲಿಲ್ಲ. ನಮ್ಮ ಗೇಟೇ ಇತ್ತು.

ಪೆಟ್ರೋಲ್ ಬಂಕು ಒಂದು ತಿಂಗಳು, ಜೆರಾಕ್ಸ್ ಅಂಗಡಿ ಎರಡು ತಿಂಗಳು. ಶಿವಮೊಗ್ಗದ ಮೊಬೈಲ್ ಅಂಗಡಿಯಲ್ಲಿ ಗಿರಾಕಿಗೆ ಇದು ಡೂಪ್ಲಿಕೇಟ್ ಡಿಸ್‌ಪ್ಲೇ ಅಂತ ಹೇಳಿ ವಾರದೊಳಗೆ ಹೊರಗೆ ಬಂದೆ. ಸುಳ್ಳು ಹೇಳು ಎಂದು ನಾನು ಯಾವತ್ತೂ ಹೇಳಿಲ್ಲ. ಸುಮ್ಮನಿರುವುದು ಸುಳ್ಳಲ್ಲ ಎಂದು ಹೇಳಿದ್ದೆ. ಇಲ್ಲಾದರೂ ನಿಲ್ಲು.

ನನಗೆ ಕೈತುಂಬ ಕೆಲಸವಿದೆ. ಕಾರ್ಖಾನೆಯಲ್ಲಿ ಎರಕಕ್ಕೆ ಮರದ ಮಾದರಿ ಮಾಡುತ್ತಿದ್ದ ನಮ್ಮ ಪ್ಯಾಟರ್ನ್ ಶಾಪು ಮುಚ್ಚಿದರೆ ಮರಗೆಲಸ ಮುಚ್ಚಿದ ಹಾಗಲ್ಲ.

ಎರಕದ ಜಾಲರಿ ಎಂದಿದ್ದೀಯ. ಉಗುರಿನಿಂದ ತಟ್ಟಿದರೆ ಸದ್ದು ಮೊಂಡಾಗಿ ಬರುತ್ತದೆಯೋ, ಗಂಟೆಯಂತೆ ಬರುತ್ತದೆಯೋ ನೋಡು.

ಬ್ಯಾಗು ಪೂರ್ತಿ ಬಿಚ್ಚಿದೆಯಾ?

ಷಣ್ಮುಖಪ್ಪ

⁂

ಮಂಗಳೂರು
೨೮ ಅಕ್ಟೋಬರ್ ೨೦೨೪

ಅಪ್ಪ,

ಮೊಂಡು ಸದ್ದು. ತಟ್ಟಿ ನೋಡಿದೆ. ಮಗಳಿಗೆ ಬರೆಯುವ ಕಾಗದಕ್ಕೆ ಪೂರ್ತಿ ಹೆಸರಿನ ಸಹಿ ಯಾರು ಹಾಕುತ್ತಾರೆ?

ಬ್ಯಾಗು ಪೂರ್ತಿ ಬಿಚ್ಚಿದೆ. ಅಮ್ಮನ ಚಟ್ನಿಪುಡಿಯ ಪೊಟ್ಟಣ ಒಡೆದು ಎಲ್ಲ ಬಟ್ಟೆಯೂ ಖಾರ ಆಗಿತ್ತು. ಎರಡು ದಿನ ಕುತ್ತಿಗೆ ಉರಿಯಿತು.

ಭಾನುವಾರ ರಜೆ, ಊರು ಸುತ್ತುತ್ತೇನೆ. ಕದ್ರಿ ಮಂಜುನಾಥನ ದೇವಸ್ಥಾನಕ್ಕೆ ಹೋಗಿ ಅಮ್ಮನ ಹೆಸರಿನಲ್ಲಿ ಕೈ ಮುಗಿದೆ. ಅಲ್ಲೊಂದು ಕಂಚಿನ ಲೋಕೇಶ್ವರ ಇದೆ. ಸಾವಿರ ವರ್ಷಕ್ಕೂ ಹಳೆಯದಂತೆ. ಮೂರು ಮುಖ, ಆರು ಕೈ, ಕಿರೀಟದ ತುಂಬ ನವುರು ಕೆಲಸ. ಎಲ್ಲರೂ ದೇವರನ್ನು ನೋಡುತ್ತಿದ್ದರು. ನಾನು ಇದನ್ನು ಹೇಗೆ ಎರಕ ಹೊಯ್ದರು, ಜೋಡಿಸಿದ ಗೆರೆ ಎಲ್ಲಿ ಎಂದು ಹುಡುಕುತ್ತ ನಿಂತಿದ್ದೆ. ಸಿಗಲಿಲ್ಲ. ನೀನಿದ್ದಿದ್ದರೆ ಭಟ್ಟರು ಬಾಗಿಲು ಹಾಕುವ ತನಕ ಹೊರಗೆ ಬರುತ್ತಿರಲಿಲ್ಲ.

ಇನ್ನೊಂದು ಭಾನುವಾರ ಗುಡ್ಡದ ಮೇಲಿನ ಹಳೇ ಚಾಪೆಲ್ ನೋಡಿದೆ. ಗೋಡೆ, ಮಾಡು ಎಲ್ಲ ಚಿತ್ರ. ಇಟಲಿಯಿಂದ ಬಂದ ಒಬ್ಬರು ಬರೆದದ್ದಂತೆ. ಬೆಂಚಿನ ಮೇಲೆ ಒರಗಿ ನೋಡಿ ನೋಡಿ ಕತ್ತು ಹಿಡಿದುಕೊಂಡಿತು. ಕಂಬದ ಅಂಚುಗಳು ಕೆತ್ತನೆಯಲ್ಲ, ಬರೀ ಬಣ್ಣ! ಕೈ ಚಾಚಿದರೆ ಸಿಗುತ್ತದೆ ಅನ್ನುವ ಹಾಗಿದೆ. ಅಲ್ಲಿಂದ ಸುಲ್ತಾನ್ ಬತ್ತೇರಿಗೆ ಹೋಗಿ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ ಬೀಚು. ಒಂಟೆ ಸವಾರಿ, ಚರುಮುರಿ, ಗಾಳಿಪಟ. ಗಡ್‌ಬಡ್ ಐಸ್‌ಕ್ರೀಮ್ ತಿಂದೆ. ಮೀನಿನ ವಾಸನೆ ಅಭ್ಯಾಸವಾಯಿತು, ತಿಂದಿಲ್ಲ ಎಂದು ಅಮ್ಮನಿಗೆ ಹೇಳು.

ಈಗ ಮುಖ್ಯವಾದದ್ದು. ಕಾಣೆಯಾದ ಮೂರು ಜಾಲರಿಗಳನ್ನು ಫೈಬರಿನಲ್ಲಿ ಮಾಡಿಸಿ ಕಪ್ಪು ಬಣ್ಣ ಹೊಡೆಯುವುದು ಎಂದು ಮಂಟಪದ ದುರಸ್ತಿ ಸಮಿತಿಯ ಇಂಜಿನಿಯರ್ ಹೇಳುತ್ತಿದ್ದಾರೆ. ಮೇಡಂಗೆ ಕಬ್ಬಿಣವೇ ಬೇಕು. ಸಣ್ಣ ಕೆಲಸಕ್ಕೆ ಯಾವ ಫೌಂಡ್ರಿಯೂ ಒಪ್ಪುತ್ತಿಲ್ಲ, ಮರದ ಮಾದರಿ ಕೆತ್ತುವವರೇ ಸಿಗುತ್ತಿಲ್ಲ ಎಂದು ಸಭೆಯಲ್ಲಿ ಮಾತಾಯಿತು. ನಾನು ಚಹಾ ಕೊಡಲು ಒಳಗೆ ಹೋಗಿದ್ದವಳು "ನಮ್ಮಪ್ಪ ಮಾಡ್ತಾರೆ" ಅಂದುಬಿಟ್ಟೆ. ನಿನ್ನನ್ನು ಕೇಳದೇ ಹೇಳಿದೆ. ಜನವರಿ ಕೊನೆಯೊಳಗೆ ಒಂದು ಜಾಲರಿ ಬಂದು ಸರಿಯಾಗಿ ಕೂತರೆ ಮೂರೂ ಕಬ್ಬಿಣ. ಇಲ್ಲದಿದ್ದರೆ ಫೈಬರ್.

ಮಾಡುತ್ತೀಯಾ? ಜಗಳ ಬೇಡ. ಹೌದು ಅಥವಾ ಇಲ್ಲ.

ಮಧು

⁂

ಭದ್ರಾವತಿ
೧೨ ನವೆಂಬರ್ ೨೦೨೪

ಮಧು,

ಕೇಳದೇ ಹೇಳಬಾರದಿತ್ತು. ಹೇಳಿ ಆಗಿದೆ.

ನೇಗಿಲು ಹಿಡಿಯುವವರಿಗೆ ಮಣ್ಣಿನ ಬಗ್ಗೆ ಹೇಳಬೇಕಾಗಿಲ್ಲ. ನಿನಗೆ ಎರಕದ ಬಗ್ಗೆ ಹೇಳಬೇಕು, ಯಾಕೆಂದರೆ ನೀನು ನನ್ನ ಮರಗೆಲಸದ ಷೆಡ್ಡಿನೊಳಗೆ ಕಾಲಿಟ್ಟವಳಲ್ಲ. ನಾನು ಮರದಲ್ಲಿ ಜಾಲರಿಯ ಮಾದರಿ ಕೆತ್ತುತ್ತೇನೆ. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಗುಳಿ ಉಳಿಯುತ್ತದೆ. ಗುಳಿಗೆ ಕರಗಿದ ಕಬ್ಬಿಣ ಹೊಯ್ಯುವುದು. ಮಾದರಿ ತಪ್ಪಿದರೆ ಎಲ್ಲ ತಪ್ಪು. ಹೊಯ್ಯುವುದಕ್ಕೆ ಮಾಚೇನಹಳ್ಳಿಯಲ್ಲಿ ವೀರೇಂದ್ರನ ಫೌಂಡ್ರಿ ಇದೆ. ನನ್ನ ಕೈಕೆಳಗೆ ಕೆಲಸ ಕಲಿತವನು. ಕೇಳಿದೆ. "ನೀವು ಮಾದರಿ ತನ್ನಿ ಅಣ್ಣ, ಮಿಕ್ಕಿದ್ದು ನನಗೆ ಬಿಡಿ" ಅಂದ.

ಉಳಿದಿರುವ ಜಾಲರಿಯ ಮೇಲೆ ತೆಳು ಕಾಗದ ಹಾಸಿ, ಮೇಣದ ಬಳಪ ಅಡ್ಡ ಉಜ್ಜಿ, ಮೀನು ಬಳ್ಳಿ ಎಲ್ಲದರ ಅಚ್ಚು ತೆಗೆ. ಅದನ್ನು ಬಸ್ಸಿನ ಪಾರ್ಸೆಲಿನಲ್ಲಿ ಹಾಕು. ಕಂಬದಿಂದ ಕಂಬಕ್ಕೆ ಎಷ್ಟು ಜಾಗ ಎಂಬುದನ್ನು ಬೇರೆ ಬರೆ. ಕಡಲ ತೇವಕ್ಕೆ ಕಾಗದ ಹಿಗ್ಗುತ್ತದೆ, ಕಾಗದದ ಅಳತೆ ನಂಬುವುದಿಲ್ಲ. ಟೇಪಿನಲ್ಲಿ ಅಳೆಯಬೇಡ, ಜೋತು ಬೀಳುತ್ತದೆ. ಗಟ್ಟಿ ಸ್ಟೀಲ್ ಸ್ಕೇಲು ತೆಗೆದುಕೊ.

ಅಪ್ಪ

(ಇದು ಅಮ್ಮ. ಅವರು ಷೆಡ್ಡಿನ ಬೀಗ ತೆಗೆದು ವರ್ಷದ ಮೇಲಾಗಿತ್ತು. ಕೈತುಂಬ ಕೆಲಸ ಅಂದರೆ ಪ್ಲೈವುಡ್ ಅಂಗಡಿಯವನಿಗೆ ಚಪ್ಪಲಿ ಸ್ಟ್ಯಾಂಡು ಮಾಡಿಕೊಡುವುದು. ಇವತ್ತು ಬೆಳಿಗ್ಗೆಯಿಂದ ಉಳಿ ಮಸೆಯುತ್ತಿದ್ದಾರೆ. ನಾನು ಬರೆದೆ ಅಂತ ಹೇಳಬೇಡ.)

⁂

ಮಂಗಳೂರು
೨೦ ನವೆಂಬರ್ ೨೦೨೪

ಅಪ್ಪ,

ಅಚ್ಚು ತೆಗೆದು ಕಳಿಸಿದ್ದೇನೆ. ಗಾಳಿಗೆ ಕಾಗದ ಹಾರಿ ಎರಡು ಹಾಳಾದವು. ಮೂರನೆಯದಕ್ಕೆ ಇಲ್ಲಿನ ಮೇಸ್ತ್ರಿ ಸಿಪ್ರಿಯನ್ ಕಾಗದದ ಮೇಲೆ ಮಲಗಿಕೊಂಡೇ ಹಿಡಿದರು. ದೋಣಿಯಿಂದ ಇಳಿದ ಪ್ರವಾಸಿಗರು ನಿಂತು ಫೋಟೋ ತೆಗೆದರು. ಅಳತೆ ಪಾರ್ಸೆಲಿನಲ್ಲೇ ಬೇರೆ ಚೀಟಿಯಲ್ಲಿದೆ. ಸ್ಕೇಲು ನನ್ನ ಹತ್ತಿರವೇ ಇತ್ತು, ಗಟ್ಟಿಯದ್ದೇ. ಮೂರು ಜಾಗವನ್ನೂ ಎರಡೆರಡು ಸಲ ಅಳೆದೆ.

ಒಂದು ಷರತ್ತು. ಹೊಸ ಜಾಲರಿಯ ಕೆಳಪಟ್ಟಿಯಲ್ಲಿ ನಮ್ಮ ಊರಿನ ಹೆಸರು, ಇಸವಿ ಇರಬೇಕು. ಹೊಸದನ್ನು ಹಳೆಯದು ಎಂದು ಯಾರೂ ನಂಬಬಾರದು. ಮೇಡಂ ಒಪ್ಪಿದ್ದಾರೆ. ಇಲ್ಲಿಗೆ ಜನರನ್ನು ಕರೆತರುವ ಒಬ್ಬ ಗೈಡ್ ಈ ಮೀನುಗಳು ಲಂಡನ್ನಿನಿಂದ ಹಡಗಿನಲ್ಲಿ ಬಂದವು ಎಂದು ದಿನಾ ಹೇಳುತ್ತಾನೆ. ಮೊನ್ನೆ ನಾನು ಏಣಿಯ ಮೇಲಿಂದಲೇ, ಎಲ್ಲಿಂದ ಬಂದವೋ ಯಾರಿಗೂ ಗೊತ್ತಿಲ್ಲ ಅಂದೆ. ಈಗ ಅವನು ನಾನು ಊಟಕ್ಕೆ ಹೋದಾಗ ಜನರನ್ನು ಕರೆತರುತ್ತಾನೆ.

ಮಧು

⁂

ಭದ್ರಾವತಿ
೧೫ ಡಿಸೆಂಬರ್ ೨೦೨೪

ಮಧು,

ಒಂದು ಜಾಲರಿ ಹೊಯ್ದಾಯಿತು. ನಾಳೆ ಲಾರಿಗೆ ಹಾಕುತ್ತೇನೆ.

ಮಾದರಿಗೆ ಹಳೇ ತೇಗ ಸಿಕ್ಕಿತು. ಅಚ್ಚಿನ ಕಾಗದ ನಾನು ಹೇಳಿದಂತೆಯೇ ಹಿಗ್ಗಿದೆ. ನೀನು ಬರೆದ ಅಳತೆಗಿಂತ ಒಂದು ಬೆರಳಿನಷ್ಟು ಉದ್ದ. ಕಡಲ ಗಾಳಿ. ಅಳತೆಯನ್ನೇ ನಂಬಿ ಬಳ್ಳಿಯ ಸುರುಳಿಗಳನ್ನು ಸ್ವಲ್ಪ ಸ್ವಲ್ಪ ಬಿಗಿ ಮಾಡಿಕೊಂಡೆ. ಮೀನನ್ನು ಮುಟ್ಟಲಿಲ್ಲ.

ಮಾಚೇನಹಳ್ಳಿಗೆ ಸಿಟಿ ಬಸ್ಸಿನಲ್ಲಿ ಮಾದರಿ ತೆಗೆದುಕೊಂಡು ಹೋದೆ. ಕಂಡಕ್ಟರ್ ಇದಕ್ಕೆ ಎರಡು ಟಿಕೆಟ್ ಅಂದ. ಶಿವಮೊಗ್ಗದ ಕಡೆ ಹೊರಟಿದ್ದ ಹೆಂಗಸೊಬ್ಬರು ಮೀನು ನೋಡಿ, ದೇವರ ಪೀಠವಾ ಎಂದು ಕೇಳಿದರು. ಕಡಲಿನ ಕಟ್ಟೆಗೆ ಅಂದೆ. ವೀರೇಂದ್ರನಲ್ಲಿ ಮರಳು ಜರಡಿ ಹಿಡಿಯುವ ಚಿನ್ನಮ್ಮ, ನಮ್ಮ ಹಳೇ ಕಾಲೋನಿಯವಳು, ತಮಿಳು ಬೆರೆಸಿ ಮಾತಾಡುತ್ತಾಳಲ್ಲ, ಅವಳು ಗುಳಿಯೊಳಗೆ ಇಣುಕಿ, "ಅಣ್ಣಾ, ಈ ಮೀನು ಇನ್ನ ಉಸಿರಾಡ್ತಾ ಇದೆ ಪಾ, ಬೇಗ ಹೊಯ್ರಿ" ಅಂದಳು. ಎಲ್ಲರೂ ನಕ್ಕರು. ವೀರೇಂದ್ರ ಕರಗಿದ ಕಬ್ಬಿಣ ಹೊಯ್ದ. ಕಾರ್ಖಾನೆ ಬಿಟ್ಟ ಮೇಲೆ ನಾನು ಆ ಬೆಳಕು ನೋಡಿದ್ದು ಇದೇ ಮೊದಲು.

ಊರಿನ ಹೆಸರು ಹಾಕಿಲ್ಲ. ಕೂರಲಿ ಮೊದಲು, ಹೆಸರು ಆಮೇಲೆ.

ಅಪ್ಪ

⁂

ಮಂಗಳೂರು
೨೩ ಡಿಸೆಂಬರ್ ೨೦೨೪

ಅಪ್ಪ,

ಜಾಲರಿ ಬಂತು. ಗಿಡ್ಡ ಇದೆ. ಒಂದು ಬೆರಳು.

ಕೆಲಸ ಚೆನ್ನಾಗಿದೆ. ಮೀನಿನ ಹುರುಪೆ ಹಳೆಯದಕ್ಕಿಂತ ಅಚ್ಚುಕಟ್ಟಾಗಿದೆ. ಆದರೆ ಒಂದು ಕಡೆ ಕಂಬಕ್ಕೆ ತಾಗಿಸಿದರೆ ಇನ್ನೊಂದು ಕಡೆ ಬೆರಳು ತೂರುತ್ತದೆ. ಸಿಪ್ರಿಯನ್ ನೋಡಿ, "ಎಂತ ಮಾರಾಯ್ತಿ ಇಷ್ಟು ಮುಖ ಮಾಡ್ತಿ, ಸಂದಿಗೆ ಸೀಸ ತುಂಬಿ ಬಣ್ಣ ಹೊಡೆದ್ರೆ ಯಾರಿಗೆ ಗೊತ್ತಾಗ್ತದೆ?" ಅಂದರು. ಮೇಡಂ ಊರಲ್ಲಿರಲಿಲ್ಲ. ಮಧ್ಯಾಹ್ನ ಇಂಜಿನಿಯರ್ ಬಂದರು, ದೂರದಿಂದಲೇ ಚೆನ್ನಾಗಿದೆ ಅಂದರು. ನಾನು, ಇಲ್ಲ ಸರ್, ಗಿಡ್ಡ ಇದೆ ಅಂದೆ. ಬೆರಳು ತೂರಿಸಿ ತೋರಿಸಿದೆ.

ನಿನಗೂ ಹಾಗೇ ಬರೆಯುತ್ತಿದ್ದೇನೆ. ನನಗೆ ಬೇರೆ ರೀತಿ ಬರೆಯಲು ಬರುವುದಿಲ್ಲ. ಗಡುವಿಗೆ ಇನ್ನೂ ತಿಂಗಳಿದೆ. ಎಲ್ಲಿ ತಪ್ಪಾಯಿತು ನೋಡಿ ಇನ್ನೊಂದು ಮಾಡು.

ಮಧು

⁂

ಮಂಗಳೂರು
೬ ಜನವರಿ ೨೦೨೫

ಅಪ್ಪ,

ಉತ್ತರವಿಲ್ಲ. ಅಮ್ಮ ಫೋನಿನಲ್ಲಿ "ಅವರು ಚೆನ್ನಾಗಿದ್ದಾರೆ, ಊಟ ಮಾಡಿದೆಯಾ" ಎಂದು ಇಟ್ಟುಬಿಡುತ್ತಾಳೆ. ಕೋಪ ಬಂದಿದ್ದರೆ ಬೈದು ಬರೆ. ನಿನ್ನ ಬೈಗುಳ ನನಗೆ ಬಾಯಿಪಾಠ. ಇದು ಹೊಸದು.

ಸಮಿತಿಯ ಸಭೆ ಆಯಿತು. ಫೈಬರಿನವರು ನಮೂನೆಗೆ ಒಂದು ತುಂಡು ತಂದು ಮೇಜಿನ ಮೇಲೆ ಇಟ್ಟಿದ್ದರು. ಬಣ್ಣ, ಆಕಾರ ಎಲ್ಲ ಸರಿ ಇತ್ತು. ಎತ್ತಿದರೆ ಖಾಲಿ ಟಿಫಿನ್ ಡಬ್ಬಿಯ ಭಾರ. ಉಗುರಿನಿಂದ ತಟ್ಟಿದೆ. ಅದಕ್ಕೆ ಸದ್ದೇ ಇಲ್ಲ. ಅದನ್ನು ಮೇಡಂಗೆ ಹೇಳಿದೆ. ಅವರು ಮುಖ ತೊಳೆದುಕೊಂಡು ಬಂದು, "ಮಧು, ನಾನು ತಿಂಗಳ ಕೊನೇ ತನಕ ಹಿಡಿದಿಡ್ತೀನಿ. ಅದಕ್ಕಿಂತ ಆಗಲ್ಲ. ಫೆಬ್ರವರಿ ಕೊನೆಗೆ ಬೀಚ್ ಉತ್ಸವ ಇದೆ" ಅಂದರು.

ದಂಡೆಯಲ್ಲಿ ಈಗ ಜನವೋ ಜನ. ರಜೆಗೆ ಬಂದವರ ಮಕ್ಕಳು ನಿನ್ನ ಗಿಡ್ಡ ಜಾಲರಿಯ ಮೇಲೆ ಕೂತು ಐಸ್‌ಕ್ಯಾಂಡಿ ತಿನ್ನುತ್ತಾರೆ. ಅದನ್ನು ಕಂಬಕ್ಕೆ ಒರಗಿಸಿಟ್ಟಿದ್ದೇನೆ. ಯಾರೂ ಗುಜರಿಗೆ ಒಯ್ಯದಂತೆ ಸರಪಳಿ ಹಾಕಿದ್ದೇನೆ.

ಒಂದು ಸಾಲು ಬರೆ.

ಮಧು

⁂

ಭದ್ರಾವತಿ
೧೨ ಜನವರಿ ೨೦೨೫

ಮಗಳೇ,

ಅಮ್ಮ ಬರೆಯುತ್ತಿದ್ದೇನೆ. ಈ ಸಲ ಅವರ ಕಾಗದದ ಮೂಲೆಯಲ್ಲಲ್ಲ, ನನ್ನದೇ ಕಾಗದದಲ್ಲಿ.

ನೀನು ಗಿಡ್ಡ ಎಂದು ಬರೆದ ದಿನ ಅವರು ಮಾದರಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಅದಕ್ಕೆ ಮೊದಲು ಅಳೆದು ನೋಡಿದರು, ನೀನು ಬರೆದ ಅಳತೆಗೆ ಒಂದು ಕೂದಲೂ ವ್ಯತ್ಯಾಸವಿಲ್ಲವಂತೆ. ಆದರೂ ಗಿಡ್ಡ ಎಂದರೆ ತಮ್ಮ ಕಣ್ಣೇ ಸ್ಕೇಲಿನ ಗೆರೆ ತಪ್ಪು ಓದುತ್ತಿದೆ ಎಂದು ತೀರ್ಮಾನ ಮಾಡಿಕೊಂಡರು. "ಕಣ್ಣು ಹೋಯ್ತು ವೀರಮ್ಮ. ಮರ್ಯಾದೆಯಾಗಿ ಚಪ್ಪಲಿ ಸ್ಟ್ಯಾಂಡ್ ಮಾಡ್ಕೊಂಡಿರ್ತೀನಿ" ಅಂದರು. ಷೆಡ್ಡಿಗೆ ಬೀಗ ಬಿತ್ತು. ಬೇರೆ ಯಾರಾದರೂ ಹೇಳಿದ್ದರೆ ವಾದ ಮಾಡುತ್ತಿದ್ದರು. ನೀನು ಸುಳ್ಳು ಹೇಳುವವಳಲ್ಲವಲ್ಲ, ಅದಕ್ಕೇ ಒಪ್ಪಿಕೊಂಡುಬಿಟ್ಟರು.

ಇನ್ನೊಂದು ಮಾತು ಹೊಟ್ಟೆಯಲ್ಲಿದೆ. ನೀನು ಮನೆ ಬಿಟ್ಟ ಬೆಳಿಗ್ಗೆ, ನೀನು ಸ್ನಾನಕ್ಕೆ ಹೋಗಿದ್ದಾಗ ಅವರು ನಿನ್ನ ಬ್ಯಾಗಿನ ತಳಕ್ಕೆ ಏನನ್ನೋ ಬಟ್ಟೆಯಲ್ಲಿ ಸುತ್ತಿ ತುರುಕಿದರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ. ಆಮೇಲೆ ನಿನ್ನ ಪ್ರತಿ ಕಾಗದ ಬಂದಾಗಲೂ ಎರಡು ಸಲ ಓದಿ, ಅವಳು ಅದರ ಬಗ್ಗೆ ಏನೂ ಬರೆದಿಲ್ಲ ಅಂತ ತಮಗೆ ತಾವೇ ಅಂದುಕೊಂಡು ಮಡಚಿಡುತ್ತಿದ್ದರು. ಏನದು? ಸಿಕ್ಕಿದ್ದರೆ ಒಂದು ಮಾತು ಬರೆಯಬಾರದಿತ್ತಾ?

ಅಮ್ಮ

⁂

ಮಂಗಳೂರು
೧೫ ಜನವರಿ ೨೦೨೫

ಅಪ್ಪ,

ಈ ಕಾಗದವನ್ನು ನಿಂತೇ ಓದಬೇಡ. ಕೂತುಕೊ. ಅಮ್ಮನ ಮೇಲೆ ಕೋಪ ಮಾಡಬೇಡ, ಅವಳು ಬರೆದದ್ದರಿಂದಲೇ ಇದೆಲ್ಲ ಗೊತ್ತಾಯಿತು.

ಬ್ಯಾಗಿನ ತಳದಲ್ಲಿ ಬಟ್ಟೆ ಸುತ್ತಿದ ಎರಡಡಿಯ ಸ್ಟೀಲ್ ಸ್ಕೇಲು ಇತ್ತು. ಸಿಕ್ಕಿತ್ತು, ಮೊದಲ ದಿನವೇ. ಅದು ಶಾಲೆಯ ಬ್ಯಾಗಲ್ಲವಾ, ಡ್ರಾಯಿಂಗ್ ಕ್ಲಾಸಿನ ಕಾಲದ್ದು ಅಂದುಕೊಂಡೆ. ಮಂಟಪದ ಅಳತೆಯನ್ನೆಲ್ಲ ಅದರಲ್ಲೇ ತೆಗೆದೆ. ನೀನು ಗಟ್ಟಿ ಸ್ಟೀಲ್ ಸ್ಕೇಲು ಅಂದೆ. ಅದು ಗಟ್ಟಿಯಾಗಿಯೇ ಇತ್ತು.

ಇವತ್ತು ಅಮ್ಮನ ಕಾಗದ ಓದಿ ಸ್ಕೇಲು ತೆಗೆದುಕೊಂಡು ದಂಡೆಗೆ ಓಡಿದೆ. ಸಿಪ್ರಿಯನ್‌ರ ಟೇಪಿನ ಪಕ್ಕ ಇಟ್ಟೆ. ಶುರುವಿನಲ್ಲಿ ಗೆರೆಗೆ ಗೆರೆ ಸರಿ. ಕೊನೆಗೆ ಹೋಗುವಷ್ಟರಲ್ಲಿ ನನ್ನ ಎರಡಡಿ ಅವರ ಎರಡಡಿಯನ್ನು ದಾಟಿ ಮುಂದೆ ಹೋಗಿತ್ತು. ಅವರು ಟೇಪನ್ನು ಬೈದರು, ಇನ್ನೊಂದು ಟೇಪು ತಂದರು. ಅದೂ ಹಾಗೇ. ಆಗ ನೆನಪಾಯಿತು. ಸಣ್ಣವಳಿದ್ದಾಗ ಷೆಡ್ಡಿನ ಬಾಗಿಲಲ್ಲಿ ನಿಂತು ಸ್ಕೇಲಿಗೆ ಕೈ ಚಾಚಿದ್ದೆ. "ಅದನ್ನ ಮುಟ್ಬೇಡ, ಅದು ನಿನಗೆ ಸುಳ್ಳು ಹೇಳುತ್ತೆ" ಎಂದು ನೀನು ಗದರಿದ್ದೆ. ಮುಟ್ಟಲಿಲ್ಲ. ಆಮೇಲೆ ಷೆಡ್ಡಿಗೇ ಬರಲಿಲ್ಲ. ಅದು ಯಾಕೆ ಸುಳ್ಳು ಹೇಳುತ್ತದೆ ಎಂದು ಕೇಳಲೂ ಇಲ್ಲ.

ಮೇಡಂಗೆ ತೋರಿಸಿದೆ. ಅವರು ಒಂದು ನಿಮಿಷ ನೋಡಿ ನಗಲು ಶುರು ಮಾಡಿದರು. ಕಾದ ಕಬ್ಬಿಣ ತಣ್ಣಗಾದಾಗ ಕುಗ್ಗುತ್ತದೆ, ಅದಕ್ಕೇ ಮಾದರಿ ಕೆತ್ತುವವರ ಸ್ಕೇಲು ಮೊದಲೇ ಸ್ವಲ್ಪ ಉದ್ದ ಇರುತ್ತದೆ, ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಈಗ ನೋಡಿದೆ ಅಂದರು.

ಅಂದರೆ ಆಗಿದ್ದು ಇಷ್ಟು. ಉದ್ದದ ಸ್ಕೇಲಿನಲ್ಲಿ ಅಳೆದಿದ್ದಕ್ಕೆ ನನಗೆ ಕಡಿಮೆ ಅಂಕಿ ಬಂತು. ಆ ಕಡಿಮೆ ಅಂಕಿಗೆ ನೀನು ನಿನ್ನ ಇನ್ನೊಂದು ಉದ್ದದ ಸ್ಕೇಲಿನಲ್ಲಿ ಮಾದರಿ ಕೆತ್ತಿದೆ. ಕಬ್ಬಿಣ ತನ್ನ ಪಾಲು ಕುಗ್ಗಿತು. ಗಿಡ್ಡವಾಯಿತು. ಅಚ್ಚಿನ ಕಾಗದ ಹಿಗ್ಗಿರಲೇ ಇಲ್ಲ ಅಪ್ಪ. ಕಾಗದ ನಿಜ ಹೇಳುತ್ತಿತ್ತು, ನಾವಿಬ್ಬರೂ ನಂಬಲಿಲ್ಲ.

ನಿನ್ನ ಕಣ್ಣಿಗೆ ಏನೂ ಆಗಿಲ್ಲ. ನಾನು ಕೊಟ್ಟ ಅಳತೆಗೆ ಕೂದಲೆಳೆಯೂ ತಪ್ಪದಂತೆ ಕೆತ್ತಿದ್ದೀಯ. ಟೇಪಿನಲ್ಲಿ ಹೊಸ ಅಳತೆ ತೆಗೆದು ಇದರ ಜೊತೆಗಿಟ್ಟಿದ್ದೇನೆ. ಟೇಪು ಜೋತು ಬೀಳದಂತೆ ಸಿಪ್ರಿಯನ್ ಕೆಳಗೆ ಹಲಗೆ ಹಿಡಿದರು. ಇವತ್ತಿನ ಬಸ್ಸಿನಲ್ಲೇ ಬರುತ್ತಿದೆ.

ಇಷ್ಟು ಒಳ್ಳೆಯ ವಸ್ತುವನ್ನು ಒಂದು ಮಾತೂ ಹೇಳದೇ ಬ್ಯಾಗಿನ ತಳಕ್ಕೆ ಯಾಕೆ ತುರುಕಿದೆ?

ಮಧು

⁂

ಭದ್ರಾವತಿ
೧೭ ಜನವರಿ ೨೦೨೫

ಮಧು,

ಕೂತೇ ಓದಿದೆ. ಓದಿ ಎದ್ದು ಷೆಡ್ಡಿನ ಬೀಗ ತೆಗೆದೆ. ಅವತ್ತಿನಿಂದ ಮಾದರಿ ಗೋಡೆ ನೋಡುತ್ತ ನಿಂತಿತ್ತು. ತಿರುಗಿಸಿ ಅದರ ಮೇಲೆ ನಿನ್ನ ಅಚ್ಚಿನ ಕಾಗದ ಹಾಸಿದೆ. ನಿನ್ನ ಕಾಗದವೇ ಸರಿ. ನಾನು ಕಡಲ ಗಾಳಿಯನ್ನು ಬೈದುಕೊಂಡು ಒಳ್ಳೇ ಸುರುಳಿಗಳನ್ನು ಬಿಗಿ ಮಾಡಿದ್ದೆ.

ಒಂದು ತಿದ್ದುಪಡಿ. ಆ ಸ್ಕೇಲು ಸುಳ್ಳು ಹೇಳುವುದಿಲ್ಲ. ಮಗುವಿಗೆ ಹೇಳುವ ಮಾತು ಅದು. ಕಬ್ಬಿಣ ತಣ್ಣಗಾದ ಮೇಲೆ ಎಷ್ಟಿರುತ್ತದೋ ಅದನ್ನು ಅದು ಮೊದಲೇ ಹೇಳುತ್ತದೆ. ಬಿಸಿಯಲ್ಲಿ ನೋಡಿದರೆ ತಪ್ಪು ಅನ್ನಿಸುತ್ತದೆ.

ಯಾಕೆ ತುರುಕಿದೆ ಎಂದು ಕೇಳಿದ್ದೀಯ. ನೀನು ಹೊರಟ ದಿನ ನಿನ್ನ ಜೊತೆ ಮಾತಾಡಲು ನನಗೆ ಆಗಲಿಲ್ಲ. ಕೈಗೆ ಏನಾದರೂ ಕೊಡಬೇಕಿತ್ತು. ಕಾರ್ಖಾನೆಯಲ್ಲಿ ನನಗೆ ಅದನ್ನು ಕೊಟ್ಟ ಮೇಸ್ತ್ರಿಯೂ ಏನೂ ಹೇಳಿರಲಿಲ್ಲ. ನನ್ನ ಬೆಂಚಿನ ಮೇಲಿಟ್ಟು ಹೋದರು. ನೀನು ನೋಡಿದ ಕೂಡಲೇ ಗುರುತು ಹಿಡಿಯುತ್ತೀಯ ಅಂದುಕೊಂಡೆ. ಷೆಡ್ಡಿನಿಂದ ನೀವೇ ಓಡಿಸಿದ ಮಗಳು ಹೇಗೆ ಗುರುತು ಹಿಡಿಯಬೇಕು ಎಂದು ನಿನ್ನಮ್ಮ ಈಗ ಕೇಳುತ್ತಿದ್ದಾಳೆ. ಅಡುಗೆಮನೆಯಿಂದ ಇನ್ನೂ ಕೇಳುತ್ತಲೇ ಇದ್ದಾಳೆ.

ಹೊಸ ಮಾದರಿ ಶುರುವಾಯಿತು. ವೀರೇಂದ್ರನಿಗೆ ಫೋನ್ ಮಾಡಿದೆ. ಕುಲುಮೆ ಕಾಯಿಸಿಡುತ್ತಾನೆ. ಈ ಸಲ ಊರಿನ ಹೆಸರನ್ನು ಮೊದಲೇ ಕೆತ್ತಿದ್ದೇನೆ.

ಅಪ್ಪ

⁂

ಮಂಗಳೂರು
೩೦ ಜನವರಿ ೨೦೨೫

ಅಪ್ಪ, ಅಮ್ಮ,

ಕೂತಿತು!

ಸಮಿತಿಯವರೆಲ್ಲ ಬಂದಿದ್ದರು. ಫೈಬರಿನವರೂ ಬಂದು ಬಾದಾಮಿ ಮರದ ನೆರಳಲ್ಲಿ ನಿಂತಿದ್ದರು. ಇಳಿತದ ಹೊತ್ತು, ಕಡಲು ದೂರ ಹೋಗಿತ್ತು. ನಾಲ್ಕು ಜನ ಜಾಲರಿ ಎತ್ತಿದರು. ಸಿಪ್ರಿಯನ್ ಒಂದು ತುದಿಯನ್ನು ಕಂಬದಲ್ಲಿ ಕೊರೆದಿದ್ದ ಸಂದಿಗೆ ಇಳಿಸಿದರು. ಇನ್ನೊಂದು ತುದಿ ಕಂಬದ ಅಂಚಿನಲ್ಲಿ ತಡೆದು ನಿಂತಿತು. ಇಂಜಿನಿಯರ್ ಕೈಕಟ್ಟಿಕೊಂಡರು. ಈ ಸಲ ಉದ್ದವಾಯಿತೇನೋ ಅಂದುಕೊಂಡೆ. ಸಿಪ್ರಿಯನ್ ಬಗ್ಗಿ ನೋಡಿ, "ಉದ್ದ ಅಲ್ಲ, ಹಳೇ ಬಣ್ಣದ ಹಕ್ಕಳೆ ಉಂಟು. ಇದು ನಿನ್ನ ಕೆಲಸ, ಸರಿ ಕೆರೆಯಲಿಲ್ಲ ನೀನು" ಅಂದರು. ಎಲ್ಲರ ಎದುರು ಮಂಡಿಯೂರಿ ಕೆರೆದೆ. ಮೇಲಿಂದ ಮರದ ಸುತ್ತಿಗೆಯಲ್ಲಿ ಒಂದು ಏಟು. ಕಬ್ಬಿಣ ಕಬ್ಬಿಣಕ್ಕೆ ಕೂತ ಮೊಂಡು ಸದ್ದು ಬಂತು. ಬೆರಳಲ್ಲ, ಪೋಸ್ಟ್ ಕಾರ್ಡೂ ತೂರಲಿಲ್ಲ. ತೂರಿಸಿ ನೋಡಿದವರು ಇಂಜಿನಿಯರೇ. ನೋಡಿ, "ಉಳಿದ ಎರಡಕ್ಕೂ ಹೇಳಿ" ಅಂದರು.

ಮೇಡಂ ನನ್ನ ಬೆನ್ನಿಗೆ ಎಷ್ಟು ಜೋರಾಗಿ ಹೊಡೆದರೆಂದರೆ ಕೆಮ್ಮು ಬಂತು. ಸಿಪ್ರಿಯನ್ ಎಲ್ಲರಿಗೂ ಗೋಳಿಬಜೆ ಕೊಡಿಸಿದರು. ಫೈಬರಿನವರಿಗೂ.

ಮಧು

⁂

ಮಂಗಳೂರು
೨೪ ಫೆಬ್ರವರಿ ೨೦೨೫

ಅಪ್ಪ, ಅಮ್ಮ,

ನಿನ್ನೆ ಉತ್ಸವ. ಮೂರೂ ಜಾಲರಿ ಕೂತು ಏಳೂ ಮುಖ ತುಂಬಿದ ಮೇಲೆ ಮೊದಲ ಸಲ ಮಂಟಪದಲ್ಲಿ ಬ್ಯಾಂಡ್ ಬಾರಿಸಿದರು. ಶಾಲೆಯ ಮಕ್ಕಳ ಬ್ಯಾಂಡು. ಕಹಳೆ ಊದುವ ಹುಡುಗಿ ಎರಡು ಸಲ ಸ್ವರ ತಪ್ಪಿದಳು, ಎರಡು ಸಲವೂ ಜನ ಚಪ್ಪಾಳೆ ತಟ್ಟಿದರು. ಒಂದು ಕಡೆ ಮರಳಿನ ಶಿಲ್ಪ, ಇನ್ನೊಂದು ಕಡೆ ಆಕಾಶದ ತುಂಬ ಗಾಳಿಪಟ. ಸಂಜೆ ಯಕ್ಷಗಾನ. ವೇಷ ಹಾಕಿದವರೊಬ್ಬರು ಕಿರೀಟ ಬಿಚ್ಚಿ ನಮ್ಮ ಮೀನಿನ ಮೇಲಿಟ್ಟು ಚಹಾ ಕುಡಿದರು. ಮುದುಕರೊಬ್ಬರು ಬಂದು ತಾವು ಚಿಕ್ಕವರಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಇಲ್ಲೇ ಬ್ಯಾಂಡ್ ಕೇಳಿದ್ದು ಎಂದು ಹೇಳಿ, ಪ್ರತಿ ಜಾಲರಿಯನ್ನೂ ಮುಟ್ಟುತ್ತ ಒಂದು ಸುತ್ತು ಹಾಕಿದರು.

ನಮ್ಮ ಗೈಡ್ ಐವತ್ತು ಜನರನ್ನು ಕರೆತಂದು, ಈ ಏಳೂ ಲಂಡನ್ನಿನಿಂದ ಎಂದು ಶುರು ಮಾಡಿದ. ಅಷ್ಟರಲ್ಲಿ ಪುಟ್ಟ ಹುಡುಗನೊಬ್ಬ ಕೆಳಪಟ್ಟಿಗೆ ಮೂಗು ತಾಗಿಸಿ "ಭ-ದ್ರಾ-ವ-ತಿ" ಎಂದು ಕೂಡಿಸಿ ಓದಿದ. ಎಲ್ಲರೂ ಗೈಡ್ ಮುಖ ನೋಡಿದರು. ಅವನು ನನ್ನ ಮುಖ ನೋಡಿದ. ನಾನು ಮೈಕು ಕೊಡು ಅಂದೆ. ನಾಲ್ಕು ಹಳೆಯವು, ಎಲ್ಲಿಂದ ಬಂದವೋ ಗೊತ್ತಿಲ್ಲ. ಮೂರು ಹೊಸವು. ಕೆತ್ತಿದ್ದು ನಮ್ಮಪ್ಪ ಷಣ್ಮುಖಪ್ಪ, ಹೊಯ್ದಿದ್ದು ಮಾಚೇನಹಳ್ಳಿಯಲ್ಲಿ, ಅಳೆದಿದ್ದು ನಾನು, ಮೊದಲ ಸಲ ತಪ್ಪು ಅಳೆದಿದ್ದೆ ಎಂದು ಹೇಳಿದೆ. ಆ ತಪ್ಪು ಹೇಗಾಯಿತು ಎಂದು ಕೇಳಿದರು. ಸ್ಕೇಲು ತೆಗೆದು ತೋರಿಸಿದೆ. ಬ್ಯಾಂಡ್ ಮುಗಿದ ಮೇಲೂ ಅರ್ಧ ಜನ ನಿಂತು ಅದನ್ನು ತಮ್ಮ ಮೊಬೈಲಿಗೆ, ಬೆಲ್ಟಿಗೆ, ಮಕ್ಕಳ ಎತ್ತರಕ್ಕೆ ಹಿಡಿದು ನೋಡುತ್ತಿದ್ದರು. ಗೈಡ್ ಈಗ ನನ್ನನ್ನು ಭಾನುವಾರಗಳಿಗೆ ಜೊತೆಗೆ ಬಾ ಎನ್ನುತ್ತಿದ್ದಾನೆ. ನಿಜ ಮಾತ್ರ ಹೇಳುವುದಾದರೆ ಬರುತ್ತೇನೆ ಅಂದೆ. ಯೋಚನೆ ಮಾಡುತ್ತಿದ್ದಾನೆ.

ಗಿಡ್ಡ ಜಾಲರಿಯನ್ನು ಲಾರಿಗೆ ಹಾಕಿ ಕಳಿಸಿದ್ದೇನೆ. ಗುಜರಿಗೆ ಹಾಕಿದರೆ ಮತ್ತೆ ಜಗಳ.

ಚೈತನ್ಯಾ ಮೇಡಂಗೆ ಇನ್ನೊಂದು ಕೆಲಸ ಬಂದಿದೆ. ಹಳೇ ಬಂದರಿನ ಹತ್ತಿರದ ಒಂದು ಮನೆ, ಒಳಗೆ ಕಬ್ಬಿಣದ ಸುರುಳಿ ಮೆಟ್ಟಿಲು, ಐದಾರು ಮೆಟ್ಟಿಲು ಹೋಗಿವೆ. ಷಣ್ಮುಖಪ್ಪನವರು ಬಂದು ನೋಡುತ್ತಾರಾ ಎಂದು ಕೇಳಿದರು. ಈ ಸಲ ನಿನ್ನನ್ನು ಕೇಳದೇ ನಾನು ಏನೂ ಹೇಳಿಲ್ಲ.

ಮಧು

⁂

ಭದ್ರಾವತಿ
೩ ಮಾರ್ಚ್ ೨೦೨೫

ಮಧು,

ಗಿಡ್ಡದ್ದು ಬಂತು. ಷೆಡ್ಡಿನ ಬಾಗಿಲಿಗೆ ಕೂರಿಸಿದೆ. ಬೇಕೆಂದೇ ಮಾಡಿದಷ್ಟು ಸರಿಯಾಗಿ ಕೂತಿದೆ. ನಮ್ಮ ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಚಿನ್ನಮ್ಮ ಬಂದು ಮೀನಿಗೆ ಕುಂಕುಮ ಇಟ್ಟು ಹೋದಳು. ಪ್ಲೈವುಡ್ ಅಂಗಡಿಯವನು ಚಪ್ಪಲಿ ಸ್ಟ್ಯಾಂಡಿಗೆ ಬಂದಿದ್ದ. ಬೇರೆಯವರನ್ನು ನೋಡಿಕೊಳ್ಳಪ್ಪ ಅಂದೆ.

ಶುಕ್ರವಾರ ಬೆಳಗಿನ ಬಸ್ಸಿಗೆ ನಾನೂ ನಿನ್ನಮ್ಮನೂ ಹೊರಡುತ್ತೇವೆ. ಅವಳಿಗೆ ಕದ್ರಿ, ನನಗೆ ಆ ಲೋಕೇಶ್ವರ, ಆಮೇಲೆ ಮಂಟಪ. ಚಟ್ನಿಪುಡಿ ಈ ಸಲ ಡಬ್ಬಿಯಲ್ಲಿ ಬರುತ್ತದೆ.

ಮೆಟ್ಟಿಲನ್ನು ನೀನು ಮೊದಲೇ ಅಳೆದಿಡಬೇಡ. ಇಬ್ಬರೂ ಸೇರಿ ಅಳೆಯೋಣ. ಮಾಮೂಲಿ ಸ್ಕೇಲು ನಾನು ತರುತ್ತೇನೆ. ನಿನ್ನ ಸ್ಕೇಲು ನಿನ್ನ ಹತ್ತಿರವೇ ಇರಲಿ, ಮಾದರಿ ಕೆತ್ತುವಾಗ ಬೇಕಾಗುತ್ತದೆ.

ಅಪ್ಪ